ಪಥ್ಯವಿಲ್ಲದ ಕೊರಿಯಾದ ಕಷಾಯ

ನನ್ನ ಮೊಮ್ಮಗಳ ಮೂಗು ನನ್ನದೇ! ಬಹ್ರೈನಿನ ಸೆಗಯಾದಲ್ಲಿರುವ ಮಗಳ ಫ್ಲ್ಯಾಟಿಗೆ ಬಂದವರಿಗೆಲ್ಲ ಅದನ್ನೇ ತೋರಿಸಿದೆ.

ಮಗಳ ಬಾಣಂತನಕ್ಕೆಂದು ಹೆರಿಗೆಗೆ ಮೊದಲೇ ಬಹ್ರೈನಿಗೆ ಬಂದವಳು ನಾನು. ಮಗುವನ್ನು ಚಾಚಿದ ಕಾಲ ಮೇಲೆ ಮಲಗಿಸಿ, ಎಣ್ಣೆ ತಿಕ್ಕಿ, ಬಿಸಿನೀರು ಹೊಯ್ಯಬೇಕು, ಅದೊಂದೇ ಆಸೆ. ಊರಲ್ಲಿ ಎಷ್ಟೋ ಮನೆಯ ಮಕ್ಕಳನ್ನು ಮೀಯಿಸಿದ ಕೈ ಇದು. ಆದರೆ ಗಂಟುವಾತ ಹಿಡಿದು ಬೆರಳುಗಳು ಬಾತುಕೊಂಡಿದ್ದವು. ಆಸ್ಪತ್ರೆಯವರು ಕೊಟ್ಟ ಮಾತ್ರೆಯನ್ನು ವಾರಕ್ಕೊಮ್ಮೆ ನುಂಗುತ್ತಿದ್ದೆ. ನೋವು ಇಳಿದಿತ್ತು, ಹೋಗಿರಲಿಲ್ಲ.

ಅಳಿಯ ನನ್ನನ್ನು ಜಿಂಜ್ ಎಂಬ ಬಡಾವಣೆಯಲ್ಲಿದ್ದ ಕೊರಿಯಾದ ವೈದ್ಯರ ಬಳಿಗೆ ಕರೆದೊಯ್ದರು. ವೈದ್ಯರು ನಮ್ಮೂರ ಪಂಡಿತರಂತೆಯೇ ನಾಡಿ ಹಿಡಿದರು, ಕೂದಲಿನಂಥ ಸೂಜಿಗಳನ್ನು ಚುಚ್ಚಿದರು, ಕಪ್ಪು ಕಷಾಯದ ಪ್ಯಾಕೆಟ್ಟುಗಳನ್ನು ಕೊಟ್ಟರು.

"ಪಥ್ಯ ಎಂಥದ್ದು ಕೇಳಿ," ಎಂದೆ.

ಅಳಿಯ ಕೇಳಿ ನಕ್ಕರು. "ಎಂಥದ್ದೂ ಇಲ್ಲಂತೆ ಅತ್ತೆ. ಮೀನೂ ತಿನ್ನಬಹುದಂತೆ. ಆಸ್ಪತ್ರೆ ಮಾತ್ರೆ ಮಾತ್ರ ಬಿಡಬಾರದಂತೆ. ಕಷಾಯದ ವಿಷಯ ಅಲ್ಲಿಯ ಡಾಕ್ಟರಿಗೂ ಹೇಳಬೇಕಂತೆ."

ಪಥ್ಯವಿಲ್ಲದ್ದು ಎಂಥ ಮದ್ದು? ನಾನೇ ಪಥ್ಯ ಹಿಡಿದೆ. ಮೀನು ಬಿಟ್ಟೆ, ಬದನೆ ಬಿಟ್ಟೆ. ನಮ್ಮಲ್ಲಿ ಕಷಾಯ ಕುಡಿಯುವಾಗ ಇಂಗ್ಲಿಷ್ ಮದ್ದು ಮುಟ್ಟುವುದಿಲ್ಲ. ಹಾಗಾಗಿ ಮಾತ್ರೆಯನ್ನೂ ಬಿಟ್ಟೆ. ಮೀನು ಬಿಟ್ಟದ್ದು ಎಲ್ಲರಿಗೂ ಗೊತ್ತಾಯಿತು, ಮಾತ್ರೆ ಬಿಟ್ಟದ್ದು ಯಾರಿಗೂ ಗೊತ್ತಾಗಲಿಲ್ಲ.

ಮಗು ಮನೆಗೆ ಬಂದ ದಿನ ಚೊಂಬು ಎತ್ತಲು ಹೋದೆ. ಕೈಯಿಂದ ಜಾರಿತು. ಬೆರಳುಗಳು ಮಡಚುತ್ತಲೇ ಇರಲಿಲ್ಲ. ಮಾತ್ರೆಯ ವಿಷಯ ಹೇಳಲೇಬೇಕಾಯಿತು.

"ಮಾತ್ರೆ ಬಿಟ್ಟಿಯಾ ಅಮ್ಮ? ಆ ವೈದ್ಯರೇ ಅಷ್ಟು ಹೇಳಿ ಕಳಿಸಿದ್ದರಲ್ಲ!" ಮಗಳು ಮಂಚದಿಂದಲೇ ಕೂಗಿದಳು.

"ನಮ್ಮಲ್ಲಿ ಹಾಗೇ ಅಲ್ವಾ?"

"ನಮ್ಮಲ್ಲಂತೆ! ಈಗ ಮಗುವನ್ನು ಮೀಯಿಸುವವರು ಯಾರು, ಆ ಕೊರಿಯಾದವರಾ?"

ಸಲ್ಮಾನಿಯಾದ ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಮಾಡಿದರು. ಮಾತ್ರೆ ಮತ್ತೆ ಶುರುವಾಯಿತು. ಸೂಜಿ ಚುಚ್ಚಿಸಿಕೊಳ್ಳಬಹುದು, ಕಷಾಯ ಸದ್ಯಕ್ಕೆ ಬೇಡ ಎಂದರು. ಬಾವು ಇಳಿಯಲು ತಿಂಗಳುಗಳೇ ಬೇಕಂತೆ. ಅಷ್ಟರಲ್ಲಿ ನನ್ನ ವಿಸಾ ಮುಗಿಯುತ್ತದೆ.

ಈಗ ಬೆಳಿಗ್ಗೆ ಮಗು ನನ್ನ ಕಾಲ ಮೇಲೆ ಮಲಗುತ್ತದೆ. ತಿಕ್ಕುವವರು ಅಳಿಯ, ಆಫೀಸಿನ ಪ್ಯಾಂಟು ಮೊಣಕಾಲಿನವರೆಗೆ ಮಡಚಿಕೊಂಡು.

"ಮೆಲ್ಲ ಮಾರಾಯ್ರೇ, ಅದು ಚಪಾತಿ ಹಿಟ್ಟಲ್ಲ!"

"ಹಾಗಾದ್ರೆ ನೀವೇ ತಿಕ್ಕಿ ಅತ್ತೆ," ಎಂದವರು ತಕ್ಷಣ ನಾಲಿಗೆ ಕಚ್ಚಿಕೊಂಡರು.

ಬೇಗ ಚೊಂಬು ಎತ್ತಿ ನೀರು ಹೊಯ್ದರು. ನೀರು ಬಿದ್ದದ್ದೇ ಮಗು ಸುಖಕ್ಕೆ ಕಣ್ಣು ಮುಚ್ಚಿತು. ಎಂಥ ಚೆಂದ, ನನ್ನ ಬಂಗಾರ!

ಮಗುವಿನ ಮುಖ ಒರೆಸುತ್ತಾ ಅಳಿಯ ಮೆಲ್ಲನೆ ಕೇಳಿದರು: "ಮೂಗು ನೀವಿ ತಿದ್ದಬೇಕಾ ಅತ್ತೆ?"

"ಮುಟ್ಟಬೇಡಿ," ಎಂದೆ. "ಅದೊಂದು ನನ್ನದು."