ಅತ್ತೆಯ ಮಾತು ಮೀರಿದ ಕಾಲು

ಅರುವತ್ತರ ದಶಕದಲ್ಲಿ ನಾನು ಮದುವೆಯಾಗಿ ಬಂಟ್ವಾಳಕ್ಕೆ ಬಂದ ಹೊಸತು. ಅತ್ತೆಯ ಕಾಲು ಜೋಮು ಹಿಡಿಯುತ್ತದೆಂದು ಅವರನ್ನು ಡಾಕ್ಟರರ ಬಳಿ ಕರೆದೊಯ್ದೆ.

ಡಾಕ್ಟರು ರಬ್ಬರಿನ ಸುತ್ತಿಗೆಯಿಂದ ಮೊಣಕಾಲಿನ ಕೆಳಗೆ ತಟ್ಟಿದರು. ಕಾಲು ಚಿಮ್ಮಿ ಡಾಕ್ಟರರ ಹೊಟ್ಟೆಗೇ ತಾಗಿತು. “ಅಯ್ಯೋ ದೇವರೇ!” ಎಂದು ಅತ್ತೆ ಡಾಕ್ಟರರನ್ನು ಮುಟ್ಟಿ ಕಣ್ಣಿಗೊತ್ತಿಕೊಂಡರು. ಇನ್ನೊಮ್ಮೆ ತಟ್ಟಿದಾಗಲೂ ಅದೇ ಒದೆ, ಅದೇ ನಮಸ್ಕಾರ.

“ನರ ಸರಿ ಉಂಟು ಅಮ್ಮ. ಪೆಟ್ಟಿನ ಸುದ್ದಿ ಬೆನ್ನುಹುರಿಗೆ ಹೋದರೆ ಸಾಕು, ಅಲ್ಲಿಂದಲೇ ಕಾಲಿಗೆ ಆರ್ಡರ್ ಬರ್ತದೆ. ತಲೆಯನ್ನು ಕೇಳ್ಲಿಕ್ಕಿಲ್ಲ,” ಎಂದರು ಡಾಕ್ಟರು.

“ನನ್ನನ್ನು ಕೇಳದೆಯಾ?”

ಬಸ್ಸಿನಲ್ಲಿ ಮನೆಯವರೆಗೂ ಅತ್ತೆ ಆ ಕಾಲನ್ನೇ ದುರುಗುಟ್ಟಿ ನೋಡುತ್ತಿದ್ದರು. ನಮ್ಮ ಮನೆಯಲ್ಲಿ ಅವರನ್ನು ಕೇಳದೆ ಯಾರೂ ಒಂದು ತೆಂಗಿನಕಾಯಿ ಸಹ ಒಡೆಯುತ್ತಿರಲಿಲ್ಲ.

ಮರುದಿನ ಬೆಳಿಗ್ಗೆ ನಾನು ಒಡೆದೆ.