ಇಲಿಗೆ ಮತ್ತು ನನಗೆ

ನಿಮ್ಮ ಅಕ್ಕ ಸಿಂಚನಳ ಬಿಳಿ ಕೋಟು ಅಂಗಳದ ತಂತಿಯ ಮೇಲೆ ಒಣಗುತ್ತಿದೆ. ಎರಡು ಸಲ ಒಗೆದರೂ ಮರದ ಹೊಟ್ಟಿನ ವಾಸನೆ ಹೋಗಿಲ್ಲ. ಅವಳ ಪ್ರಯೋಗಾಲಯದ ಇಲಿಗಳು ಮಲಗುವುದು ಆ ಹೊಟ್ಟಿನ ಮೇಲಂತೆ. ಮಕ್ಕಳೇ, ಅವಳ ಕೆಲಸ ನನಗೆ ಅರ್ಥವಾದ ಬಗೆ ಹೇಳುತ್ತೇನೆ, ನಗಬೇಡಿ.

ಏನು ಕೆಲಸ ಎಂದು ಮೊದಲ ಸಲ ಫೋನಿನಲ್ಲಿ ಕೇಳಿದಾಗ, ಅವಳು "ನಾವು ಇಲಿಗೆ ಮತ್ತು..." ಎನ್ನುವಷ್ಟರಲ್ಲಿ ಫೋನ್ ಕಟ್ಟಾಯಿತು. ನಮ್ಮೂರು ಕಳಸದ ನೆಟ್‌ವರ್ಕು! ಇಲಿಗೆ ಮತ್ತು ಯಾರಿಗೆ? ಬೆಕ್ಕಿಗೋ? ಎರಡು ಪದ ಜೋಡಿಸುವುದಕ್ಕೆ 'ಮತ್ತು' ಎಂದು ವಸ್ತಾರೆ ಶಾಲೆಯ ಮೇಷ್ಟ್ರು ಕಲಿಸಿದ್ದರು. ಇಡೀ ದಿನ ಆ ಎರಡನೆಯವರಿಗಾಗಿ ಕಾದೆ.

ಸಂಜೆ ತಿಳಿಯಿತು, ಅದು ಪ್ರಜ್ಞೆ ತಪ್ಪಿಸುವ ಮತ್ತು. ಹೊಸ ದಾರಿ ಕಲಿತ ಕೂಡಲೇ ಮತ್ತು ಕೊಟ್ಟರೆ ಇಲಿ ಆ ದಾರಿಯನ್ನು ಮರೆಯುವುದುಂಟಂತೆ. ಎಂದೋ ಕಲಿತ ದಾರಿ ಉಳಿಯುತ್ತದಂತೆ. ಹಣ್ಣಿನ ಸಿಪ್ಪೆ ಸುಲಿದು ತೊಳೆದ ಪಾರ್ಚ್‌ಮೆಂಟ್ ಕಾಫಿಯನ್ನು ಹಸಿಯಾಗಿಯೇ ಚೀಲಕ್ಕೆ ತುಂಬಿದರೆ ಬೂಸ್ಟು ಹಿಡಿಯುವುದಿಲ್ಲವೇ, ನೆನಪೂ ಒಣಗಬೇಕು ಎಂದೆ ಅವಳಿಗೆ.

ಮರುವರ್ಷ ನನಗೆ ಪಿತ್ತಕೋಶದ ಕಲ್ಲಿನ ಆಪರೇಷನ್. ಕತ್ತರಿಗೆ ಹೆದರಲಿಲ್ಲ, ಮತ್ತಿಗೆ ಹೆದರಿದೆ. ಎಸ್ಟೇಟಿನ ಲೆಕ್ಕ ಬರೆಯುವ ರೈಟರಾಗಿದ್ದ ನಿಮ್ಮಜ್ಜ ಕೆಲಸದಿಂದ ಬರುವಾಗ ಗೇಟಿನಿಂದಲೇ "ಏ ಮಾರಾಯ್ತಿ, ಕಾಫಿ ಉಂಟಾ?" ಎಂದು ಕೂಗುತ್ತಿದ್ದರು. ಅವರು ಹೋದ ಮೇಲೆ ಆ ಧ್ವನಿಯೇ ನನ್ನ ಆಸ್ತಿ. ಅದೂ ಹೋದರೆ ಎಂದು ಸಿಂಚನಳನ್ನೇ ಕೇಳಿದೆ.

"ಅಜ್ಜನ ನೆನಪು ಚೆನ್ನಾಗಿ ಒಣಗಿರೋ ಪಾರ್ಚ್‌ಮೆಂಟ್ ಅಜ್ಜಿ, ಏನೂ ಆಗಲ್ಲ. ಹೋದ್ರೆ ಇವತ್ತಿಂದು ಒಂಚೂರು ಹೋಗ್ಬಹುದು," ಎಂದಳು ಸಿಂಚನ.

ಎಚ್ಚರವಾದಾಗ ಮೊದಲು ಹುಡುಕಿದ್ದು ಆ ಕೂಗನ್ನೇ. ಇತ್ತು, ಗೇಟಿನ ಕಿರ್ ಸದ್ದಿನ ಸಮೇತ.

ಹೋದದ್ದು ಬೇರೆ. "ಮೊದಲ್ನೇ ಇಂಜೆಕ್ಷನ್ ಕೊಟ್ಮೇಲೆ ಏನ್ ಭಾಷಣ ಅಜ್ಜಿ ನಿಮ್ದು!" ಎಂದರು ನರ್ಸಮ್ಮ. "'ನನ್ನ ಮೊಮ್ಮಗಳು ಇಲಿಗೆ ಪಾಠ ಹೇಳ್ತಾಳೆ, ನಿಮಗೂ ಗೊತ್ತಿಲ್ದೇ ಇರೋದನ್ನ ಹುಡುಕ್ತಾಳೆ' ಅಂತ ಡಾಕ್ಟ್ರಿಗೇ ಹೇಳಿದ್ರಲ್ಲ!"

ಬಸ್ಸಿನಲ್ಲಿ ಇಳಿಯುವ ಸ್ಟಾಪು ಹೇಳಲೂ ನಾಚುವವಳು ನಾನು. ಆಡಿದ್ದರಲ್ಲಿ ಒಂದಕ್ಷರವೂ ನೆನಪಿಲ್ಲ.

"ನನ್ನನ್ನೂ ಇಲಿ ಮಾಡಿದ್ಯಲ್ಲೇ!" ಎಂದು ಸಿಂಚನಳನ್ನು ಗದರಿದೆ. ನಗುತ್ತಿದ್ದವಳು ಕಣ್ಣೊರೆಸಿಕೊಂಡಳು. "ನನ್ನೆದುರು ಒಂದ್ಸಲನೂ ಹಾಗೆ ಹೇಳಿಲ್ಲ ನೀನು."

ಮಕ್ಕಳಿಗೆ ಇಷ್ಟು ಹೇಳಿ ಮುಗಿಸುವಷ್ಟರಲ್ಲಿ ಕೋಟು ಒಣಗಿತ್ತು. ಮಡಚಿ ಒಳಗೆ ತಂದೆ. ಸಿಂಚನ ಕಾಫಿ ಸೋಸುತ್ತಿದ್ದಳು. ಯಾವ ಮತ್ತೂ ಇಲ್ಲದೆ, ಡಾಕ್ಟರಿಗೆ ಹೇಳಿದ್ದ ಅದೇ ಮಾತನ್ನು ಅವಳೆದುರೇ ಹೇಳಿದೆ. ನಾಚಿಕೆ ಬಿಟ್ಟು ಪೂರ್ತಿ ಹೇಳಿದೆ. ಆಮೇಲೆ ಇಬ್ಬರೂ ಕಾಫಿ ಲೋಟ ಹಿಡಿದು ಕೂತೆವು. ಆ ಹೊಸ ನೆನಪು ಒಣಗಲಿ ಎಂದು ಬಿಟ್ಟೆವು.