ಚೀಟಿ ಎತ್ತಿದ ಕೈ

ಸವಿತಾ, ಮಲ್ಲು, ನಿನ್ನೆ ತಾಟಿನಲ್ಲಿ ಒಂದೇ ಶೇಂಗಾ ಹೋಳಿಗೆ ಉಳಿದಿತ್ತು. ನೀವು ಎರಡು ಚೀಟಿ ಮಡಚಿ ನನ್ನ ಮುಂದೆ ಹಿಡಿದು, "ಅಜ್ಜಿ, ನೀನ ಒಂದು ಎತ್ತು" ಎಂದಿರಿ. ನಾನು ಕೈಯನ್ನು ಸೆರಗಿನೊಳಗೆ ಎಳೆದುಕೊಂಡೆ. ಅಜ್ಜಿಗೆ ಆಟವೂ ಬರುವುದಿಲ್ಲವೆಂದು ನಕ್ಕಿರಿ. ಬಾಯಿಬಿಟ್ಟು ಹೇಳುವ ಧೈರ್ಯ ನನಗೆ ಎಂದೂ ಇಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಅಕ್ಷರ ಸೊಟ್ಟಗಿದ್ದರೆ ತಿಕೋಟಾದ ಸಾಲೆಯನ್ನು ಬೈಯಬೇಡಿ. ತಪ್ಪು ನನ್ನ ಕೈಯದು.

ಐವತ್ತರ ದಶಕದ ಕೊನೆಯ ಮಾತು. ನನಗೆ ಆರು ವರ್ಷವಿದ್ದಾಗ ಅಪ್ಪ ಮತ್ತು ಅವನ ತಮ್ಮ, ನನ್ನ ಕಾಕಾ, ಬೇರೆಯಾದರು. ಜಗಳವೇನೂ ಇರಲಿಲ್ಲ. ಹಿರಿಯರು ಹೊಲವನ್ನು ಸಮನಾಗಿ ಎರಡು ಮಾಡಿ, ಮೂಡಲದ್ದೊಂದು ಪಡುವಲದ್ದೊಂದು ಚೀಟಿ ಬರೆದು ತಂಬಿಗೆಯಲ್ಲಿ ಹಾಕಿದರು. ಮಕ್ಕಳ ಕೈಯಲ್ಲಿ ಮೋಸವಿರುವುದಿಲ್ಲವೆಂದು ನನ್ನನ್ನು ಕರೆದರು. ಕಾಕಾನ ಮಗಳು ಗಂಗವ್ವ, ನನ್ನ ವಾರಗೆಯವಳು, ಪಕ್ಕದಲ್ಲೇ ಇದ್ದಳು. ಅವಳ ಮೂಗು ಸೋರುತ್ತಿತ್ತು, ಅದಕ್ಕೆ ಅವಳನ್ನು ಬಿಟ್ಟರೇನೋ. ಅಪ್ಪನ ಹೆಸರಿಗೆ ನಾನು ಎತ್ತಿದ್ದು ಮೂಡಲ ಹೊಲ.

ಮರುವರ್ಷ ಇಬ್ಬರೂ ಬಾವಿ ತೋಡಿದರು. ನಮ್ಮದರಲ್ಲಿ ಸಿಹಿನೀರು ಬಂತು. ಬದುವಿನ ಆಚೆ ಕಾಕಾನದರಲ್ಲಿ ಬರೀ ಕಲ್ಲು. ಅಪ್ಪ ನಿಂಬೆಗಿಡ ಹಚ್ಚಿದ. ಕಾಕಾ, "ಚೀಟಿ ಬಂದಂಗ ಬಂತು, ಯಾರಿಗೇನ ಅನ್ನೂದು" ಎಂದು ಕೂಲಿಗೆ ಹೋದ.

ಸಾಲೆಯಲ್ಲಿ ನಾನು ಬೆರಳು ಮಡಚುವುದರೊಳಗೆ ಗಂಗವ್ವ ಲೆಕ್ಕದ ಉತ್ತರ ಹೇಳುತ್ತಿದ್ದಳು. ಅವಳ ಪಾಟಿ ನೋಡಿ ಬರೆದೇ ನಾನು ನಾಲ್ಕನೆಯ ಇಯತ್ತೆ ದಾಟಿದ್ದು. ಆ ಬುದ್ಧಿಯನ್ನು ಅವಳೂ ದುಡಿದು ತಂದಿರಲಿಲ್ಲ. ಅದೂ ಒಂದು ಚೀಟಿಯೇ. ಆದರೆ ನೀರಿಲ್ಲದ ಮನೆಯಲ್ಲಿ ಅದು ನಡೆಯಲಿಲ್ಲ. ಐದನೆಯದಕ್ಕೆ ನಾನು ಹೋದೆ. ಅವಳು ನಮ್ಮ ತೋಟಕ್ಕೆ ನಿಂಬೆಹಣ್ಣು ಹರಿಯಲು ಬಂದಳು. ಕೈಗೆ ಐದೈದು ಹಣ್ಣು ಹಿಡಿದು ಎಣಿಸುವುದರಲ್ಲಿ ಅವಳನ್ನು ಮೀರಿಸುವವರಿರಲಿಲ್ಲ.

ಒಮ್ಮೆ ಬುತ್ತಿ ಒಯ್ದಾಗ ಧೈರ್ಯ ಮಾಡಿ ಕೇಳಿದೆ, "ಅಪ್ಪಾ, ಕಾಕಾನ ಹೊಲಕ್ಕ ಒಂದೀಟು ನೀರು ಬಿಡೂಣೇನು?"

"ಬಾವಿ ಪುಕ್ಕಟೆ ಬಂತೇನ ಯವ್ವಾ? ರಟ್ಟಿ ಮುರದು ತೋಡೇನಿ."

ಕಾಕಾನೂ ತೋಡಿದ್ದ. ಅಪ್ಪ ಕೆಟ್ಟವನಲ್ಲ, ಹಬ್ಬಕ್ಕೆ ಗಂಗವ್ವನಿಗೂ ಕುಬಸದ ಬಟ್ಟೆ ತರುತ್ತಿದ್ದ. ಆದರೆ ತಾನಾಗಿ ಕೊಡುವುದು ಬೇರೆ, ಅವರ ಪಾಲೆಂದು ಬಿಡುವುದು ಬೇರೆ.

ಗಿಡದ ಕೆಳಗೆ ಗಂಗವ್ವನ ಮುಂದೆ ಅತ್ತುಬಿಟ್ಟೆ. ಚೀಟಿ ನಾನು ಎತ್ತಬಾರದಿತ್ತು ಎಂದೆ. ಅವಳು ಅಂಗೈಯ ಮುಳ್ಳು ಕೀಳುತ್ತ, "ಅಳಬ್ಯಾಡ ಬಿಡ ಬೇ, ಬುತ್ತಿ ಉಪ್ಪಾಗತೈತಿ. ನೀ ಎತ್ತಿದ್ದು ಹಾಳಿ. ನೀರು ಆಚೀಕ ಬಿಡಬ್ಯಾಡ್ರಿ ಅಂತ ಅದರಾಗ ಬರದಿತ್ತೇನು?" ಎಂದಳು.

ಗುದ್ದಲಿ ಅಲ್ಲೇ ಬಿದ್ದಿತ್ತು. ಕಾಲುವೆಯ ಮಣ್ಣನ್ನು ಒಂದು ಮೊಳ ಸರಿಸಿದ್ದರೆ ಸಾಕಿತ್ತು. ನಾನು ಬುತ್ತಿಯ ಗಂಟು ಕಟ್ಟಿಕೊಂಡು ಮನೆಗೆ ಬಂದೆ.

ಏಳನೆಯದು ಪಾಸಾದವಳೆಂದು ನನಗೆ ವಿಜಾಪುರದ ನೌಕರಿಯ ಗಂಡ ಸಿಕ್ಕರು. ನಿಮ್ಮಪ್ಪನ ಓದು, ಈ ಮನೆ, ಈ ಪೆನ್ನು, ಎಲ್ಲ ಆ ಬಾವಿಯದೇ. ಗಂಗವ್ವನನ್ನು ಬಬಲೇಶ್ವರದ ಕಡೆ ಕೊಟ್ಟರು. ಕೂಲಿ ಮಾಡುತ್ತಲೇ ಮುದುಕಿಯಾಗಿ, ಹೋದ ವರ್ಷ ತೀರಿಕೊಂಡಳು. ಅವಳ ಮೊಮ್ಮಗಳಿಗೂ ಲೆಕ್ಕ ಚೆನ್ನಾಗಿ ಬರುತ್ತಿತ್ತಂತೆ. ಸಾಲೆ ಬಿಟ್ಟಿದ್ದಾಳಂತೆ.

ನಿನ್ನೆ ಚೀಟಿ ಮಲ್ಲುವಿಗೆ ಬಂತು. ಹೋಳಿಗೆಯನ್ನು ಮುರಿಯಬಹುದೆಂದು ಯಾರಿಗೂ ಹೊಳೆಯಲಿಲ್ಲ. "ಇರ್ಲಿ ಬಿಡಜ್ಜಿ, ಚೀಟಿ ಅವಂದ ಬಂತಲ್ಲ" ಎಂದೆ ನೀನು, ಸವಿತಾ, ನನ್ನ ಕಾಕಾನ ದನಿಯಲ್ಲೇ. ತಾಟು ನನ್ನ ಕೈಗೆ ಎಟಕುವಂತಿತ್ತು. ಈ ಸಲವೂ ನಾನು ಸುಮ್ಮನೆ ಕುಳಿತೆ.

ಈ ಹಾಳೆಗಳನ್ನು ಇಬ್ಬರೂ ಜೋಪಾನವಾಗಿಡಿ. ಯಾರ ಹತ್ತಿರ ಇರಬೇಕೆಂದು ಚೀಟಿ ಮಾತ್ರ ಎತ್ತಬೇಡಿ.